ಗಿಣ್ಣು ಬಂದ ಡಬ್ಬಿ

ಬೆಳಿಗ್ಗೆಯೇ ದೀಪಶ್ರೀ ಹಿತ್ತಲ ಕಲ್ಲಿನ ಮೇಲೆ ಕೂತು, ಆಗಲೇ ಬೆಳ್ಳಗಿದ್ದ ಎರಡಂತಸ್ತಿನ ಸ್ಟೀಲ್ ಡಬ್ಬಿಯನ್ನು ಬೂದಿ ಹಚ್ಚಿ ಮತ್ತೆ ತಿಕ್ಕುತ್ತಿದ್ದಳು. ಒಳಗೆ ತಂಗಿ ಕೃತಿಕಾ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಇಬ್ಬರಿಗೂ ಮಾತಿರಲಿಲ್ಲ.

ಕೃತಿಕಾ ಕಡೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಸೋಮವಾರ ಸೋಮವಾರ ಅಜ್ಜಂಪುರದ ಕಡೆಯಿಂದ ಬರುವ ಬಸ್ಸಿನಲ್ಲಿ ಈ ಡಬ್ಬಿ ತುಂಬ ರೊಟ್ಟಿ ಹೋಗುತ್ತಿತ್ತು. ಸಂಜೆ ಕಂಡಕ್ಟರ್ ಚಿಕ್ಕಬೀರಪ್ಪ ಅದನ್ನು ವಾಪಸ್ ತರುತ್ತಿದ್ದ. ಖಾಲಿ ಪಾತ್ರೆ ಕಳಿಸಬಾರದೆಂದು ಕೃತಿಕಾ ತಳದಲ್ಲಿ ಚೂರು ಸಕ್ಕರೆ ಹಾಕಿರುತ್ತಿದ್ದಳು. ಅದನ್ನು ದೀಪಶ್ರೀ ಯಾರಿಗೂ ಕೊಡದೆ ತಾನೇ ತಿನ್ನುತ್ತಿದ್ದಳು.

ಮೊದಮೊದಲು ಕೃತಿಕಾ ಫೋನಿನಲ್ಲಿ ಅಳುತ್ತಿದ್ದಳು. "ಇಲ್ಲಿ ಯಾರೂ ನನ್ನ ಮಾತಾಡ್ಸಲ್ಲ ಕಣಕ್ಕ. ನೀನಿಲ್ದೆ ನಿದ್ದೆ ಬರಲ್ಲ." ಹತ್ತನೇ ಕ್ಲಾಸಿಗೇ ಓದು ಬಿಟ್ಟು ಮನೆಗೆಲಸ ಹಿಡಿದಿದ್ದ ದೀಪಶ್ರೀಗೆ ಆ ಅಳು ಒಳಗೊಳಗೇ ಹಿತವಾಗುತ್ತಿತ್ತು. ಆಮೇಲಾಮೇಲೆ ಫೋನಿನ ತುಂಬ ರೂಮಿನ ಹುಡುಗಿ ಧನುಶ್ರೀಯದೇ ಮಾತು. ಧನು ಹಿಂಗಂದ್ಲು, ಧನು ಜಡೆ ಹಾಕಿದ್ಲು. "ನಿನ್ ರೊಟ್ಟಿ ನಂಗೆ ಉಳ್ಸದೇ ಇಲ್ಲ ಅವಳು."

ಹೋದ ಸೋಮವಾರ ಡಬ್ಬಿಯಲ್ಲಿ ಸಕ್ಕರೆ ಇರಲಿಲ್ಲ. ತಮ್ಮೂರು ಎಮ್ಮೆದೊಡ್ಡಿಯಿಂದ ಧನುಶ್ರೀಯ ಅವ್ವ ಕಳಿಸಿದ್ದ ಗಿಣ್ಣಿತ್ತು. ದೀಪಶ್ರೀ ಬೆರಳಲ್ಲಿ ತೆಗೆದು ನಾಲಿಗೆಗಿಟ್ಟಳು. ಚೆನ್ನಾಗಿತ್ತು. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ.

ಉಳಿದದ್ದನ್ನು ಅಜ್ಜಿಯ ಮುಂದಿಟ್ಟಳು. ಅಜ್ಜಿ ಚಪ್ಪರಿಸುತ್ತ, "ಯಾರ ಮನೇದೇ?" ಅಂದಳು.

"ಕೃತಿ ರೂಮಿನ ಹುಡುಗೀದು. ಎಮ್ಮೆದೊಡ್ಡಿಯೋರು."

"ಯಾರ ಪೈಕಿ?"

ಕೃತಿಕಾ ಒಮ್ಮೆ ಫೋನಿನಲ್ಲಿ ಹೇಳಿದ್ದಳು. ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಜಾತಿಗೀತಿ ಅಂತ ದೀಪಶ್ರೀ ಎಂದೂ ತಲೆ ಕೆಡಿಸಿಕೊಂಡವಳಲ್ಲ. ಆದರೂ ಅಜ್ಜಿಯ ಮುಖವನ್ನೇ ನೋಡುತ್ತ, "ಕೇರಿಯೋರು" ಅಂದಳು.

ಅಜ್ಜಿ ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು. "ಇನ್ನು ನಮ್ಮನೆ ಡಬ್ಬಿ ಕಡೂರಿಗೆ ಹೋಗದು ಬೇಡ."

ಶನಿವಾರ ಊರಿಗೆ ಬಂದ ಕೃತಿಕಾಗೆ ಅಜ್ಜಿಯಿಂದ ಎಲ್ಲ ತಿಳಿಯಿತು. ಅವಳು ಜೋರು ಮಾಡಲಿಲ್ಲ. "ಅಜ್ಜಿಗೆ ಊರೋರ ಬಾಯಿಗೆ ಭಯ. ನಿಂಗೇನಾಗಿತ್ತಕ್ಕ?" ಅಂದವಳು ಮತ್ತೆ ತುಟಿ ಬಿಚ್ಚಿರಲಿಲ್ಲ.

ಈಗ ದೀಪಶ್ರೀ ಅಜ್ಜಿ ಕಾಣದಂತೆ ರೊಟ್ಟಿ ತುಂಬಿಕೊಂಡು ಬಸ್ಸಿಗೆ ಓಡಿದಳು. ಕೃತಿಕಾ ಆಗಲೇ ಹತ್ತಿ ಕಿಟಕಿ ಪಕ್ಕ ಕೂತಿದ್ದಳು.

"ಭಾರ ನೋಡಿದ್ರೆ ಡಬ್ಬಿಗೂ ಟಿಕೆಟ್ ಹರೀಬೇಕು ಕಣವ್ವ," ಎಂದು ಚಿಕ್ಕಬೀರಪ್ಪ ನಕ್ಕ.

ದೀಪಶ್ರೀ ಡಬ್ಬಿಯನ್ನು ಕಿಟಕಿಗೆ ಎತ್ತಿ ಹಿಡಿದಳು. "ಕೆಳಗಿನ ಡಬ್ಬಿ ನಿನ್ ಧನುಗೆ. ಮೇಲಿಂದು ನಿಂಗೆ, ತುಪ್ಪ ಸವರಿದೀನಿ."

ಕೆಳಗಿನದಕ್ಕೆ ಸವರಿರಲಿಲ್ಲ.

ಕೃತಿಕಾ ಆಚೆ ಕಿಟಕಿಯತ್ತ ನೋಡುತ್ತಿದ್ದಳು. ಚಿಕ್ಕಬೀರಪ್ಪ ಸೀಟಿ ಊದಿದ.

"ತಗೊಂಡು ಹೋಗೇ, ಕೃತಿ."