ತಿರುಗಿದ ತಟ್ಟೆ

ದೊಡ್ಡಣ್ಣ ಕುರಿಯನ್ನು ಹಿಂಗಾಲ ಮೇಲೆ ಕೂರಿಸಿ, ಅದರ ಬೆನ್ನನ್ನು ತನ್ನ ಮೊಣಕಾಲಿಗೆ ಒರಗಿಸಿಕೊಂಡು, ಹೊಟ್ಟೆಯ ಉಣ್ಣೆಗೆ ಕತ್ತರಿ ಹಾಕಿದ್ದ. ಚಳಿ ಮುರಿದಿತ್ತು, ಬಿಸಿಲು ಇನ್ನೂ ಚುರುಕಾಗಿರಲಿಲ್ಲ. ಉಣ್ಣೆ ತೆಗೆಯಲು ವರ್ಷದಲ್ಲಿ ಹದವಾಗಿ ಸಿಗುವುದೇ ಈ ಮೂರು ವಾರ. ಕೊಟ್ಟಿಗೆಯ ಈಚೆ ಬದಿಯಲ್ಲಿ ಬೋಳಾದ ಕುರಿಗಳು ಒಂದನ್ನೊಂದು ಗುರುತು ಹಿಡಿಯಲಾರದೆ ಮೂತಿಗೆ ಮೂತಿ ತಾಗಿಸಿ ಮೂಸುತ್ತಿದ್ದವು. ಆಚೆ ಬದಿಯಲ್ಲಿ ಇನ್ನೂ ನಲವತ್ತು ಕಾಯುತ್ತಿದ್ದವು.

ತಟ್ಟೆಯಕ್ಕ ಬಾಗಿಲಲ್ಲೇ ನಿಂತಳು. ಕುರಿ ತಳಿ ಕೇಂದ್ರದ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಪರೀಕ್ಷೆಯ ತಟ್ಟೆಗಳನ್ನು ತುಂಬುವವಳು ಅವಳೇ ಆದ್ದರಿಂದ ಆ ಹೆಸರು ಅಂಟಿಕೊಂಡಿತ್ತು.

"ಹನ್ನೊಂದಕ್ಕೆ ಮಸಣಕ್ಕೆ ಗಾಡಿ ಹೊರಡುತ್ತೆ. ನಿಮ್ಮ ತಮ್ಮನ ಮನೆ ಅಕ್ಕ ಕಳಿಸಿದ್ರು. ಬರಲಿ ಬಿಡಲಿ, ಒಂದ್ಸಲ ಕೇಳಿ ಬಾ ಅಂದ್ರು."

"ಕೇಳಿದೆಯಲ್ಲ."

"ಒಡಹುಟ್ಟಿದ ತಮ್ಮ, ದೊಡ್ಡಣ್ಣ."

"ಕುರಿ ಕೆಡವಿದ್ದೀನಿ ತಂಗಿ. ಅರ್ಧ ಬೋಳಿಸಿ ಬಿಟ್ಟು ಬಂದ್ರೆ ಜನ ನಗ್ತಾರೆ. ಜನ ಹಾಳಾಗಲಿ, ಉಳಿದ ಕುರಿಗಳೇ ನಗ್ತವೆ."

ಅವಳು ನಗಲಿಲ್ಲ. ಕತ್ತರಿ ಕಚ್ ಕಚ್ ಎಂದು ಮುಂದಕ್ಕೆ ಹೋಯಿತು. ಉಣ್ಣೆ ಹಚ್ಚಡದಂತೆ ಮಡಚಿಕೊಂಡು ನೆಲಕ್ಕೆ ಇಳಿಯಿತು.

"ಹತ್ತು ವರ್ಷ ಬದುಕಿದ್ದಾಗ ಮಾತಾಡ್ಲಿಲ್ಲ. ಈಗ ಹೋಗಿ ಏನಂತ ಮಾತಾಡ್ಲಿ?" ಅವನು ತಲೆಯೆತ್ತಲಿಲ್ಲ. "ಅವನ ಕಂಪ್ಯೂಟರ್ ಹೇಳ್ತು, ನಿನ್ನ ಟಗರಿನ ರಕ್ತದಲ್ಲೇ ದೋಷ ಇದೆ ಅಂತ. ತಮ್ಮ ಹೇಳಿದ ಮೇಲೆ ಮುಗೀತು ಅಂತ ನನ್ನ ಟಗರು ಸಾಹುಕಾರನ್ನ ನಾನೇ ಕೈಯಾರೆ ಕಟುಕನ ಲಾರಿಗೆ ಹತ್ತಿಸಿದೆ. ಹತ್ತೋವಾಗ್ಲೂ ನನ್ನ ತೋಳು ನೆಕ್ಕುತ್ತಿತ್ತು, ಬಡ್ಡೀಮಗಂದು. ಹಿಂದೆ ಅದರ ಅರವತ್ತೆರಡು ಮರಿ. ಮೂರು ವರ್ಷ ಬಿಟ್ಟು ಬಂದು ಅಂತಾನೆ, ಅಣ್ಣಾ, ಲೆಕ್ಕ ತಪ್ಪಿತ್ತು. ಲೆಕ್ಕ!"

ತಟ್ಟೆಯಕ್ಕ ಬಾಯಿ ತೆರೆದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಕುರಿ ಒದ್ದಾಡಿತು, ದೊಡ್ಡಣ್ಣ "ಸುಮ್ನಿರೇ" ಎಂದು ಗದರಿದ. ಗದರಿದ್ದು ಕುರಿಗೇ ಆದರೂ ಅವಳು ಬಾಯಿ ಮುಚ್ಚಿಕೊಂಡಳು. ಕೊಟ್ಟಿಗೆಯಿಂದ ಹೊರಗೆ ಬಂದು ತಾನು ನಡೆಯುವುದಕ್ಕೆ ಬದಲು ಓಡುತ್ತಿದ್ದೇನೆಂದು ಅವಳಿಗೆ ತಿಳಿದದ್ದು ರಸ್ತೆ ಸೇರಿದ ಮೇಲೆ.

*

ಕುರಿಯ ಕಿವಿಯಿಂದ ಬೇಳೆಯಷ್ಟು ಚರ್ಮ ತೆಗೆದು, ಕರಗಿಸಿ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯ ಒಂದು ಗುಳಿಗೆ ಹಾಕುತ್ತಾರೆ. ತಟ್ಟೆಗೆ ತೊಂಬತ್ತಾರು ಗುಳಿ, ಗುಳಿಗೊಂದು ಕುರಿ. ಯಂತ್ರವು ಒಂದೊಂದು ಕುರಿಯ ವಂಶವಾಹಿಯನ್ನೂ ಐವತ್ತು ಸಾವಿರ ಕಡೆ ಓದಿ, ಅಕ್ಷರಗಳ ರಾಶಿಯನ್ನು ಕಂಪ್ಯೂಟರಿಗೆ ಸುರಿಯುತ್ತದೆ. ಆ ರಾಶಿಯನ್ನು ಜಾಲಿಸಿ, ಮರಿಗಳ ಕಾಲು ಸೊಟ್ಟಗಾಗುವ ರೋಗ ಯಾವ ಟಗರಿನಲ್ಲಿ ಅಡಗಿದೆ ಎಂದು ಹೇಳುವ ತಂತ್ರಾಂಶವನ್ನು ಬರೆದವನು ದೊಡ್ಡಣ್ಣನ ತಮ್ಮ. ಅದಕ್ಕೆ 'ಜರಡಿ' ಎಂದು ಹೆಸರಿಟ್ಟ. ಆರು ತಿಂಗಳೊಳಗೆ ಕೇಂದ್ರದವರು ಆ ಹೆಸರನ್ನು ಅವನಿಗೇ ಇಟ್ಟರು.

ತಟ್ಟೆಯ ತಲೆ ಯಾವುದು, ಬಾಲ ಯಾವುದು ಎಂದು ತಿಳಿಯಲಿ ಎಂದು ಒಂದು ಮೂಲೆಯನ್ನು ಕತ್ತರಿಸಿರುತ್ತಾರೆ. ಹದಿಮೂರು ವರ್ಷದ ಹಿಂದೆ ಬಂದ ಒಂದು ಪೆಟ್ಟಿಗೆಯ ತಟ್ಟೆಗಳಿಗೆ ಆ ಕತ್ತರಿಸಿದ ಮೂಲೆ ಇರಲಿಲ್ಲ. ಅವಳು ಪೆನ್ನಿನಿಂದ ಗುರುತು ಹಾಕಿಕೊಂಡಿದ್ದಳು. ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿದಾಗ ಗುರುತೂ ಹೋಯಿತು. ಒಂದು ಗಳಿಗೆ ತಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದಳು. ಹೀಗೇ ಇತ್ತು ಅನ್ನಿಸಿತು. ಯಂತ್ರದೊಳಗೆ ಇಟ್ಟು ಬಾಗಿಲು ಹಾಕಿದಳು.

ಮೂರು ವರ್ಷದ ನಂತರ ಒಂದು ಮಧ್ಯಾಹ್ನ ಜರಡಿ ಅವಳನ್ನು ಕೂಗಿ ಕರೆದ. ಮರಿಗೂ ತಾಯಿಗೂ ಅಕ್ಷರ ಹೊಂದುತ್ತದೆಯೇ ಎಂದು ನೋಡುವುದನ್ನು ಆ ವಾರವಷ್ಟೇ ತಂತ್ರಾಂಶಕ್ಕೆ ಕಲಿಸಿ, ಹಳೆಯ ಫೈಲುಗಳನ್ನೆಲ್ಲ ಮತ್ತೊಮ್ಮೆ ಅದರ ಮೇಲೆ ಹಾಯಿಸುತ್ತಿದ್ದ. ಒಂದು ತಟ್ಟೆ ಮಾತ್ರ ತೆರೆಯ ತುಂಬ ಕೆಂಪಾಗಿತ್ತು. ಟಗರು ಎಂದು ಬರೆದ ಕಡೆ ಹೆಣ್ಣು. ಯಾವ ಮರಿಗೂ ತಾಯಿಯಿಲ್ಲ. ಅವನು ಪಟ್ಟಿಯನ್ನು ಬುಡಮೇಲು ಮಾಡಿದ. ಕೆಂಪೆಲ್ಲ ಒಮ್ಮೆಗೇ ಅಳಿಸಿಹೋಯಿತು.

"ತಟ್ಟೆ ತಿರುಗಿದೆ," ಅಂದ.

ಅವಳು ಸ್ಟೂಲು ಎಳೆದು ಕೂತಳು. ಗಂಡ ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಎರಡು ಮಕ್ಕಳು. ಕೆಲಸ ಕಾಯಂ ಆಗುವ ಪತ್ರ ಇನ್ನೂ ಡೈರೆಕ್ಟರ್ ಮೇಜಿನ ಮೇಲಿತ್ತು.

ಜರಡಿ ಬಹಳ ಹೊತ್ತು ಕನ್ನಡಕ ಒರೆಸಿದ. "ತಟ್ಟೆ ಯಾರ ಕೈಲಾದ್ರೂ ತಿರುಗುತ್ತೆ. ತಿರುಗಿದ್ದನ್ನ ಜರಡಿ ಹಿಡೀಬೇಕಿತ್ತು. ಹಿಡೀಲಿಲ್ಲ. ತಪ್ಪು ಜರಡೀದು ಅಂತ ಬರೀತೀನಿ."

"ನಿಮ್ಮ ಅಣ್ಣಂಗೆ?"

"ಅವನಿಗೂ ಅದೇ ಹೇಳ್ತೀನಿ. ಒಂದು ತಿಂಗಳು ಬೈತಾನೆ, ಆಮೇಲೆ ಸರಿಹೋಗ್ತಾನೆ. ಬೇರೆ ಏನಾದ್ರೂ ಹೇಳೋದಿದ್ರೆ ನೀನೇ ಹೇಳು. ನಾನಾಗಿ ಹೇಳಲ್ಲ."

ಆ ಒಂದು ತಿಂಗಳು ಹತ್ತು ವರ್ಷವಾಯಿತು. ಕೆಲಸ ಕಾಯಂ ಆಗಲಿ, ಆಮೇಲೆ ಹೇಳೋಣ ಎಂದುಕೊಂಡಳು; ಆಯಿತು. ಮಗಳ ಓದು ಮುಗಿಯಲಿ ಎಂದುಕೊಂಡಳು, ಅದೂ ಮುಗಿಯಿತು. ಆಮೇಲೆ ಕಾರಣ ಹುಡುಕುವುದನ್ನೂ ಬಿಟ್ಟಳು. ಜರಡಿ ಒಂದು ದಿನವೂ ಕೇಳಲಿಲ್ಲ. ಮೊನ್ನೆ ಸಂಜೆ ಕುರ್ಚಿಯಲ್ಲಿ ಒರಗಿದವನು ಏಳಲೇ ಇಲ್ಲ.

*

ಜರಡಿಯ ಮನೆಯ ಮುಂದೆ ಗಾಡಿ ಬಂದು ನಿಂತಿತ್ತು. ನಡುಮನೆಯಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿದ್ದರು. ತಟ್ಟೆಯಕ್ಕ ಕೂರಲಾರದೆ ಲೋಟ ತೊಳೆದಳು, ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು.

ದೂರದ ಬೀಜ ಸಂಶೋಧನೆಯ ಲ್ಯಾಬಿನಿಂದ ಬಂದವರೊಬ್ಬರು ಯಾರಿಗೋ ಹೇಳುತ್ತಿದ್ದರು: "ನಾವು ಮುಸುಕಿನ ಜೋಳಕ್ಕೂ ಇವರ ಜರಡಿಯನ್ನೇ ಬಳಸೋದು. ತಟ್ಟೆ ಅಡ್ಡಾದಿಡ್ಡಿ ಇಟ್ರೆ ಮುಂದಕ್ಕೇ ಹೋಗಲ್ಲ ಅದು. ಮನೇಲಿ ಅತ್ತೆ ಇದ್ದ ಹಾಗೆ."

ಸಾವಿನ ಮನೆಯೆಂಬುದನ್ನು ಮರೆತು ಇಬ್ಬರು ನಕ್ಕರು. ಜರಡಿಯ ಹೆಂಡತಿಯೂ ಸ್ವಲ್ಪ ನಕ್ಕಳು.

"ಊಟಕ್ಕೆ ಕರೆದ್ರೆ ಇನ್ನೊಂದೇ ಫೈಲು ಅಂತಿದ್ರು. ಅನ್ನ ಆರಿ ಅಕ್ಕಿ ಆಗ್ತಿತ್ತು." ಆಮೇಲೆ ತಟ್ಟೆಯಕ್ಕನನ್ನು ಅಡಿಗೆಮನೆಯ ಬಾಗಿಲಿಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದಳು: "ಏನಂದ್ರು ಭಾವ?"

"ಕುರಿ ಕೆಡವಿದ್ದಾರಂತೆ."

"ಅವರದ್ದೇನು ತಪ್ಪಿಲ್ಲ ಬಿಡು. ತಪ್ಪು ಮಾಡಿದೋರು ನೀವು, ಹೋಗಿ ಕಾಲಿಗೆ ಬಿದ್ದಾದ್ರೂ ಸರಿಮಾಡ್ಕೊಳ್ಳಿ ಅಂತ ಇವರಿಗೆ ನಾನೇ ಎಷ್ಟು ಬೈದಿದೀನಿ. ಒಂದ್ಸಲ ಸಿಟ್ಟಲ್ಲಿ ಅಂದುಬಿಟ್ಟೆ ಕಣೇ, ಅಣ್ಣನ ಮನೆ ಮುರಿದ ಕೈಯಿದು, ನನ್ನ ತಟ್ಟೆಗೆ ಅನ್ನ ಬಡಿಸಬೇಡಿ ಅಂತ. ಸುಮ್ನೆ ಎದ್ದು ಹೋದ್ರು."

ತಟ್ಟೆಯಕ್ಕ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ನಿಮಗೆ ಅವರು ಏನೂ ಹೇಳ್ಲಿಲ್ವಾ ಅಕ್ಕಾ?"

"ಹೇಳೋಕೇನಿದೆ? ಲೆಕ್ಕ ತಪ್ಪಿತು ಅಂದ್ರು."

ಹೊರಗೆ ಗಾಡಿಯವನು ಹಾರನ್ ಒತ್ತಿದ.

*

ಊರಾಚೆಯ ಮಸಣಕ್ಕೆ ತಂತಿ ಬೇಲಿ. ಶವದ ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದ ಮೇಲೆ ಡೈರೆಕ್ಟರ್ ಎರಡು ಮಾತಾಡಲು ಮುಂದೆ ಬಂದರು. ಮೂವತ್ತು ವರ್ಷದ ಸೇವೆ ಅಂದರು. ಎಷ್ಟೋ ಲ್ಯಾಬುಗಳು ನೆನೆಯುತ್ತವೆ ಅಂದರು. "ಆ ಒಂದು ತಪ್ಪು ಆಗದಿದ್ದಿದ್ರೆ ಇವತ್ತು ನನ್ನ ಕುರ್ಚಿಯಲ್ಲಿ ಅವರಿರ್ತಿದ್ರು. ಆದ್ರೆ ತಪ್ಪನ್ನ ಒಪ್ಪಿಕೊಂಡ ದೊಡ್ಡತನ..."

ತಟ್ಟೆಯಕ್ಕ ಆ ಮಾತು ಮುಗಿಯುವವರೆಗೆ ನಿಲ್ಲಲಿಲ್ಲ. ಜನರ ಹಿಂದಿನಿಂದ ಸರಿದು ಹೊರಬಂದಳು. ಬೇಲಿಯಾಚೆ, ರಸ್ತೆಯ ಮಗ್ಗುಲಲ್ಲಿ, ದೊಡ್ಡಣ್ಣ ನಿಂತಿದ್ದ. ಅಂಗಿಯ ತೋಳಿನ ತುಂಬ ಉಣ್ಣೆ.

"ಒಳಗೆ ಬನ್ನಿ ದೊಡ್ಡಣ್ಣ."

"ಯಾವ ಒಳಗೆ? ಕತ್ತರಿ ತಪ್ಪಿ ಒಂದು ಕುರಿಯ ಚರ್ಮ ಕುಯ್ದುಬಿಟ್ಟೆ. ನಲವತ್ತು ವರ್ಷದಲ್ಲಿ ಒಂದು ದಿನ ಕುಯ್ದಿಲ್ಲ. ಗಾಳಿಗೆ ಅಂತ ಬಂದೆ."

"ಇನ್ನು ಸ್ವಲ್ಪ ಹೊತ್ತು ಅಷ್ಟೇ. ಮಣ್ಣು ಹಾಕಿಬಿಡ್ತಾರೆ."

"ತಪ್ಪು ಮಾಡಿದೋನು ಅವನು. ಎದ್ದು ಬಂದು ಕರೀಲಿ."

"ತಪ್ಪು ಮಾಡಿದ್ದು ನಾನು."

ದೊಡ್ಡಣ್ಣ ಅವಳ ಕಡೆ ತಿರುಗಿದ.

"ಆ ತಟ್ಟೇನ ಯಂತ್ರದೊಳಗೆ ತಿರುಗಿಸಿ ಇಟ್ಟಿದ್ದು ನಾನು," ಅವಳು ಒಂದೇ ಉಸಿರಿಗೆ ಹೇಳಿದಳು, ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲವೆಂಬ ಭಯದಲ್ಲಿ. "ಮೊದಲನೇ ಗುಳಿ ಕೊನೇದಾಯ್ತು. ಇನ್ಯಾವುದೋ ಟಗರಿನ ದೋಷ ನಿಮ್ಮ ಸಾಹುಕಾರನ ಹೆಸರಿಗೆ ಬಂತು. ಅವರ ಲೆಕ್ಕ ಸರಿಯಾಗೇ ಇತ್ತು. ನನ್ನ ಕೆಲಸ ಹೋಗುತ್ತೆ ಅಂತ ಅವರು ತಲೆ ಮೇಲೆ ಹಾಕ್ಕೊಂಡ್ರು."

ಬೇಲಿಯೊಳಗೆ ಮೊದಲ ಹಿಡಿ ಮಣ್ಣು ಪೆಟ್ಟಿಗೆಯ ಮೇಲೆ ಬಿದ್ದ ಸದ್ದು ಕೇಳಿತು. ಆಮೇಲೆ ಇನ್ನೊಂದು.

"ಅವನಿಗೆ ಗೊತ್ತಿತ್ತಾ?"

"ಅವರೇ ಕಂಡುಹಿಡಿದಿದ್ದು."

"ಗೊತ್ತಿದ್ದೂ ನನ್ನ ಕೈಲಿ ಬೈಸ್ಕೊಂಡ." ದೊಡ್ಡಣ್ಣನ ಕೈ ಸುಮ್ಮನೆ ತೋಳಿನ ಉಣ್ಣೆ ಕೀಳುತ್ತಿತ್ತು. "ಅವತ್ತು ಮುಖಕ್ಕೆ ಉಗಿದೆ ಅವನಿಗೆ. ಒರೆಸ್ಕೊಂಡು, ಬರ್ತೀನಿ ಅಣ್ಣಾ ಅಂದ." ಕಿತ್ತ ಉಣ್ಣೆಯನ್ನು ಕೆಳಗೆ ಬಿಟ್ಟ. "ನೀನು ದಿನಾ ನನ್ನ ಮನೆ ಮುಂದೇನೇ ಬಸ್ಸು ಹತ್ತುತ್ತಿದ್ದೆ. ದಿನಾ ನಮಸ್ಕಾರ ದೊಡ್ಡಣ್ಣ ಅಂತಿದ್ದೆ."

ಅವಳು ಕೈ ಮುಗಿಯಲು ಹೋದಳು, ಅವನು ನೋಡಲಿಲ್ಲ. ಗೇಟು ನಲವತ್ತು ಹೆಜ್ಜೆ ದೂರವಿತ್ತು. ಅಷ್ಟು ದೂರ ಹೋಗುವ ತಾಳ್ಮೆ ಅವನಿಗಿರಲಿಲ್ಲ. ಎರಡು ತಂತಿಗಳ ನಡುವೆ ಬಗ್ಗಿ ನುಗ್ಗಿದ. ಬೆನ್ನಿನ ಬಟ್ಟೆ ಮುಳ್ಳಿಗೆ ಸಿಕ್ಕಿ ಪರ್ ಎಂದು ಹರಿಯಿತು.

ಅವನು ತಲುಪುವ ಹೊತ್ತಿಗೆ ಪೆಟ್ಟಿಗೆ ಮಣ್ಣಿನಡಿ ಮುಚ್ಚಿಹೋಗಿತ್ತು. ಸಲಿಕೆಯವರು ಹಿಂದಕ್ಕೆ ಸರಿದರು. ಅವನು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮಾತಾಡತೊಡಗಿದ. ಬೇಲಿಯವರೆಗೆ ದನಿ ಬರುತ್ತಿರಲಿಲ್ಲ. ಕೈ ಆಡಿಸುವುದು ಮಾತ್ರ ಕಾಣುತ್ತಿತ್ತು, ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಬೈಯುವ ಅಣ್ಣನಂತೆ. ಡೈರೆಕ್ಟರ್ ಗಡಿಯಾರ ನೋಡಿಕೊಂಡು ಕಾರು ಹತ್ತಿದರು. ಜನ ಇಬ್ಬಿಬ್ಬರಾಗಿ ಕರಗಿದರು. ಗಾಡಿಯವನು ಎಂಜಿನ್ ಹಾಕಿ ಮತ್ತೆ ಆರಿಸಿದ.

ಜರಡಿಯ ಹೆಂಡತಿ ಮೆಲ್ಲಗೆ ನಡೆದು ಬಂದು ಭಾವನ ಎದುರು, ಗುಂಡಿಯ ಆಚೆ ಅಂಚಿನಲ್ಲಿ ಕೂತಳು. ಅವನ ಮಾತು ನಿಂತಿತು. ಮಣ್ಣಿನ ಕಡೆ ನೋಡುತ್ತಲೇ ಅವಳಿಗೆ ಏನೋ ಹೇಳಿದ, ಬಹಳ ಹೊತ್ತಲ್ಲ. ಆಮೇಲೆ ತೋಳೆತ್ತಿ ಬೇಲಿಯ ಕಡೆ ತೋರಿಸಿದ.

ಅವಳ ತಲೆ ನಿಧಾನವಾಗಿ ಈ ಕಡೆ ತಿರುಗಿತು.

ಬಸ್ಸೊಂದು ರಸ್ತೆಯಲ್ಲಿ ನಿಂತು, ಯಾರೂ ಹತ್ತದೆ, ಹೊರಟುಹೋಯಿತು. ತಟ್ಟೆಯಕ್ಕ ಎರಡೂ ಕೈಯಲ್ಲಿ ತಂತಿ ಹಿಡಿದು, ಕಾಣುವ ಹಾಗೆ ನಿಂತೇ ಇದ್ದಳು.