ಶುರುವಾಗದ ಹಬ್ಬ

“ಸೋಫಾ ಮುಟ್ಟಬ್ಯಾಡಲೇ ಸೂಳಿಮಗನ, ಎತ್ತಿ ಡೇರೆ ಒಳಗ ಇಡು ಅಂದ್ರ!”

ಅಂದಾನಪ್ಪ ಸಾವ್ಕಾರರು ಹೀಗೆ ಕೂಗಿದಾಗ ಸೋಫಾದ ಒಂದು ತುದಿಗೆ ಬಗ್ಗಿದ್ದ ನನ್ನ ಅಣ್ಣ ಚೌಡ ಬಗ್ಗಿದಂತೆಯೇ ನಿಂತ. ಇನ್ನೊಂದು ತುದಿಗೆ ನಾನಿದ್ದೆ.

“ಮುಟ್ಟಲಾರದ ಹ್ಯಾಂಗ ಎತ್ತೂದ್ರೀ ಸಾವ್ಕಾರ್ರ?” ಎಂದು ಕೇಳಿದ. ಕೊಂಕಿನಿಂದ ಕೇಳಿದ್ದಲ್ಲ. ಚೌಡನಿಗೆ ಹೊಸ ಕೆಲಸ ಕಲಿಯುವುದೆಂದರೆ ಇಷ್ಟ.

“ಕೈಗೆ ಗೋಣಿಚೀಲ ಸುತ್ತಿಕೊಳ್ಳಲೇ. ಕಾರವಾರದ ಸಾಹೇಬ್ರು ಕುಂಡ್ರೂದದು. ನಿಮ್ಮವ್ವ ಕುಂಡ್ರೂದಲ್ಲ.”

ಸುತ್ತಿಕೊಂಡೆವು. ಗೋಣಿಚೀಲ ದೊಡ್ಡ ವಸ್ತು ನೋಡಿ. ಅದೊಂದು ನಡುವೆ ಬಂದರೆ ಮೈಲಿಗೆ ಈಚೆಗೇ ನಿಂತುಬಿಡುತ್ತದೆ. ನಾವು ನೆಟ್ಟು, ಕೊಯ್ದು, ಬಡಿದ ಭತ್ತವೂ ಅದೇ ಚೀಲದೊಳಗೆ ಕೂತು ಶುದ್ಧವಾಗಿ ಸಾವ್ಕಾರರ ಅಡುಗೆಮನೆ ಸೇರುತ್ತದಲ್ಲ.

ಚಿತ್ರೋತ್ಸವ ಎಂಬ ಮಾತನ್ನು ದಾಸನಕೊಪ್ಪಕ್ಕೆ ತಂದವರು ಈ ಸಾವ್ಕಾರರೇ. ಭತ್ತದ ವ್ಯಾಪಾರಕ್ಕೆಂದು ಮುಂಬೈಗೆ ಹೋದವರು, ಅಲ್ಲಿ ದೊಡ್ಡ ಮಂದಿ ಕೊರಳಿಗೆ ಹಾರ ಹಾಕಿಸಿಕೊಂಡು ಸಾಲಾಗಿ ಕೂತು ಸಿನಿಮಾ ನೋಡುವುದನ್ನು ಕಂಡು ಬಂದಿದ್ದರು. ಸಿನಿಮಾ ಅವರಿಗೆ ಅಷ್ಟಕ್ಕಷ್ಟೇ. ಹಾರ ಮನಸ್ಸಿಗೆ ಹಿಡಿದಿತ್ತು. ಶಿರಸಿಯಿಂದ ಟೂರಿಂಗ್ ಟಾಕೀಸಿನ ಡೇರೆ ತರಿಸುವುದು, ದಿನಕ್ಕೊಂದರಂತೆ ವಾರವಿಡೀ ಸಿನಿಮಾ ತೋರಿಸುವುದು, ಕಾರವಾರದ ಕಲೆಕ್ಟರ್ ಸಾಹೇಬರ ಕೈಯಲ್ಲಿ ದೀಪ ಹಚ್ಚಿಸುವುದು, ಹಚ್ಚುವಾಗ ಪಕ್ಕದಲ್ಲಿ ತಾವು ನಿಲ್ಲುವುದು, ಎಲ್ಲ ನಿಶ್ಚಯವಾಯಿತು.

ಉಳಿದದ್ದು ಡೇರೆಗೆ ಜಾಗ. ಸಂತೆ ಬಯಲಿನ ಪಕ್ಕದ ದಿಬ್ಬ ಸಾವ್ಕಾರರ ಕಣ್ಣಿಗೆ ಬಿತ್ತು. ಎಂಥ ಮಳೆಗೂ ನೀರು ನಿಲ್ಲದ ನೆಲ ಅದು. ನಮ್ಮ ಕೇರಿ ಇದ್ದದ್ದೇ ಅಲ್ಲಿ. ಹಿಂದಿನ ವರ್ಷವಷ್ಟೇ ನಮ್ಮನ್ನೆಲ್ಲ ಮುಂಬೈ ರಾಜ್ಯದಿಂದ ತೆಗೆದು ಮೈಸೂರು ರಾಜ್ಯಕ್ಕೆ ಹಾಕಿದ್ದರು. ಆಗ ಒಂದು ಗಡಿಗೆ ಕೂಡ ಅಲುಗಿರಲಿಲ್ಲ. ಸಾವ್ಕಾರರು ಸರ್ಕಾರಕ್ಕಿಂತ ಚುರುಕು. ಕಂಬ, ಗಡಿಗೆ, ಕೋಳಿ, ಮುದುಕಿಯರ ಸಮೇತ ಒಂದೇ ಹಗಲಿನಲ್ಲಿ ನಮ್ಮನ್ನು ಹಳ್ಳದ ದಂಡೆಗೆ ಸಾಗಿಸಿಬಿಟ್ಟರು.

“ಹಬ್ಬ ಮುಗದ ಮರುದಿನ ನಿಮ್ಮ ಜಾಗಾ ನಿಮಗ” ಎಂದರು. “ಮಿರಗದ ಮಳಿ ಬರೂದ್ರೊಳಗ ತಿರಿಗಿ ಬಂದಿರ್ತೀರಿ. ನಾನೇನ ನಿಮ್ಮ ಜಾಗಾ ಹೊತ್ಕೊಂಡು ಹೋಗ್ತೀನೇನ್ಲೇ?”

ಬೇಸಿಗೆಯಲ್ಲಿ ಆ ಹಳ್ಳ ಎಮ್ಮೆ ಮೈ ತೊಳೆಯಲೂ ಸಾಲದು. ಮುಂಗಾರಿನ ಮಿರಗದ ಮಳೆ ಒಮ್ಮೆ ಹಿಡಿಯಿತೋ, ದಂಡೆಯ ಮೇಲಿದ್ದದ್ದನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಆದರೂ ನಂಬಿದೆವು. ನಂಬದೆ ಏನು ಮಾಡುವುದು? ಡೇರೆಯ ಗೂಟ ಹೊಡೆದವರೂ ನಾವೇ, ನಡುಗಂಬಕ್ಕೆ ಗುಣಿ ತೋಡಿದವರೂ ನಾವೇ. ಚೌಡನ ಹೆಂಡತಿ ಹೊನ್ನಿ ತನ್ನ ಒಲೆಯಿದ್ದ ಜಾಗದಲ್ಲೇ ಆ ಗುಣಿ ಬಂದದ್ದು ನೋಡಿ, “ಚಲೋ ಆತು ಬಿಡ್ರಿ, ಬೂದಿ ಮ್ಯಾಲಿನ ಕಂಬಕ್ಕ ಒರಲಿ ಹತ್ತೂದಿಲ್ಲ” ಎಂದು ನಕ್ಕಳು.

ಆಗ ಬಂತು ಜ್ವರ. ಹಡಗಿನಲ್ಲಿ ಮುಂಬೈಗೆ ಬಂತಂತೆ, ರೈಲಿನಲ್ಲಿ ಹುಬ್ಬಳ್ಳಿಗೆ, ಬಸ್ಸಿನಲ್ಲಿ ಶಿರಸಿಗೆ. ನಮ್ಮ ಕೇರಿಗೆ ಮಾತ್ರ ಹೊನ್ನಿಯ ತಲೆಯ ಮೇಲೆ ಬಂತು. ಎರಡನೇ ಸಲ ಮುಂಬೈಗೆ ಹೋಗಿದ್ದ ಸಾವ್ಕಾರರು ಕೆಮ್ಮುತ್ತ ಬಸ್ಸಿಳಿದಾಗ ಅವರ ಹಾಸಿಗೆಗಂಟು ಹೊತ್ತು ಮನೆ ಮುಟ್ಟಿಸಿದವಳು ಅವಳೇ. ಸಾವ್ಕಾರರು ಕಷಾಯ ಕುಡಿದು ಎದ್ದರು. ಹೊನ್ನಿ ಮಲಗಿದಳು. ಊರೆಲ್ಲ ಕೆಮ್ಮತೊಡಗಿದ ಮೇಲೆ ಸಾವ್ಕಾರರು ಕಟ್ಟೆಯ ಮೇಲೆ ಕೂತು ತೀರ್ಮಾನ ಹೇಳಿದರು: “ಹೊಲಗೇರಿಯಿಂದ ಬಂದದ್ದು. ಆ ಹಳ್ಳದ ದಂಡಿ ಮ್ಯಾಲೆ ಯಾರರ ಸಂಸಾರ ಮಾಡ್ತಾರೇನು?”

ತಾಲೂಕಿನ ಮಾಮಲೇದಾರರ ಹುಕುಂ ಬಂತು. ಡೇರೆಯಲ್ಲಿ, ಸಂತೆಯಲ್ಲಿ, ಎಲ್ಲಿಯೂ ಜನ ಗುಂಪುಗೂಡಕೂಡದು, ಚಿತ್ರೋತ್ಸವ ರದ್ದು. ಸಾವ್ಕಾರರು ಮನೆಯಲ್ಲಿ ಹೆಣ ಬಿದ್ದವರಂತೆ ತಲೆಮೇಲೆ ಕೈಹೊತ್ತು ಕೂತರು. ನಮ್ಮಲ್ಲಿ ನಿಜವಾಗಿಯೇ ಹೆಣ ಬಿದ್ದಿದ್ದವು. ಆದರೆ ನಮಗೆ ಹಾಗೆ ಕೂರಲು ಪುರಸೊತ್ತಿರಲಿಲ್ಲ, ಕುಣಿ ತೋಡುವುದಿತ್ತು.

ಪಡುವಣಕ್ಕೆ ಮೋಡ ಕಟ್ಟತೊಡಗಿತ್ತು. ಚೌಡ ಸಾವ್ಕಾರರ ಅಂಗಳದ ಅಂಚಿಗೆ ಹೋಗಿ ನಿಂತ. ನಾನೂ ಹಿಂದೆ ನಿಂತೆ.

“ಸಾವ್ಕಾರ್ರ, ಹಬ್ಬ ಇಲ್ಲಂತಲ್ರಿ. ಹಂಗಾರ ನಾವು ನಮ್ಮ ಜಾಗಾಕ್ಕ ಹೋಗೂಣೇನ್ರಿ? ಹೊನ್ನಿಗೆ ಬಾಳ ಜಡ್ಡ ಐತ್ರಿ.”

“ನಾ ಏನಂದಿದ್ದೆ?”

“ಹಬ್ಬ ಮುಗದ ಮರುದಿನ ಅಂದಿದ್ರಿ.”

“ಹೌದಲ್ಲೋ? ಹಬ್ಬ ಶುರುನ ಆಗಿಲ್ಲ, ಮುಗಿಯೂದು ಎಲ್ಲಿಂದ ಬಂತಲೇ?”

ಪಕ್ಕದಲ್ಲಿ ಕೂತಿದ್ದ ಕಲ್ಲಯ್ಯನವರು ತೊಡೆ ತಟ್ಟಿ ನಕ್ಕರು. ಊರ ದೇವರ ಪೂಜೆ ಅವರದು, ಸಾವ್ಕಾರರ ಮಾತಿಗೆ ಮಂಗಳಾರತಿಯೂ ಅವರದೇ.

“ನೋಡಪಾ ಚೌಡ,” ಎಂದರು ಕಲ್ಲಯ್ಯನವರು, “ಇದು ಜ್ವರ ಅಲ್ಲ, ಮಾರಿ. ಹೊರೆ ಹೊತ್ತು ಆಕೀನ ಗಡಿ ದಾಟಿಸು. ಜ್ವರ ಹೋಗ್ತದ, ಹಬ್ಬ ಆಗ್ತದ, ಹಬ್ಬ ಮುಗೀತದ, ನಿನ್ನ ಜಾಗಾ ನಿನಗ. ಎಲ್ಲಾ ನಿನ್ನ ತಲಿ ಮ್ಯಾಲೇ ಐತಿ.”

ಊರಿಗೆ ಬೇನೆ ಬಂದಾಗಲೆಲ್ಲ ಮಾರಿಹೊರೆ ಹೊರುವುದು ನಮ್ಮ ಕೇರಿಯ ಹಕ್ಕು. ನಮಗಿರುವ ಹಕ್ಕುಗಳಲ್ಲಿ ಯಾರೂ ಇದುವರೆಗೆ ಕಸಿಯಲು ಬಾರದ್ದು ಇದೊಂದೇ. ಮನೆಮನೆಯಿಂದ ಸವೆದ ಪೊರಕೆ, ಹರಿದ ಮೊರ, ಒಡೆದ ಬಳೆ ತಂದು ಬುಟ್ಟಿಯಲ್ಲಿ ಹಾಕುತ್ತಾರೆ, ಮೇಲೆ ಮಾರಿಯ ಗೊಂಬೆ. ನಮ್ಮವನೊಬ್ಬ ತಲೆಯ ಮೇಲೆ ಹೊತ್ತರೆ ಊರ ಬಾಗಿಲುಗಳೆಲ್ಲ ಮುಚ್ಚಬೇಕು. ಯಾರೂ ಎದುರು ಬರಬಾರದು, ತಡೆಯಬಾರದು. ಪಕ್ಕದ ಊರಿನ ಗಡಿಯಲ್ಲಿ ಇಳಿಸಿ ತಿರುಗಿ ನೋಡದೆ ಬರಬೇಕು. ಅಲ್ಲಿಂದ ಮುಂದಕ್ಕೆ ಸಾಗಿಸಲು ಆ ಊರಿನವರಿಗೂ ಒಂದು ಕೇರಿ ಇದ್ದೇ ಇರುತ್ತದೆ. ಇಳಿಸಿದ ಹೊರೆಯನ್ನು ಇಳಿಸಿದವನು ಮತ್ತೆ ಎತ್ತಬಾರದು, ಮೇಲಿನವರಂತೂ ಮುಟ್ಟಲೇಬಾರದು. ಇಳಿಸಿದಲ್ಲಿ ಮಾರಿ ಕೂತಳೆಂದೇ ಲೆಕ್ಕ.

ಮಂಗಳವಾರ ಚೌಡ ಹೊರೆ ಹೊತ್ತ. ಮುಂದೆ ನಾನು ಹಲಗೆ ಬಡಿಯುತ್ತ ನಡೆದೆ. ಬಾಗಿಲುಗಳು ದಡದಡ ಮುಚ್ಚಿದವು. ಬಾಗಿಲು ಮುಚ್ಚಿದರೆ ಬಾಯಿಯೂ ಮುಚ್ಚಿದಂತೆ ಎಂದು ದೊಡ್ಡವರು ತಿಳಿದಿರುತ್ತಾರೆ. ಸಾವ್ಕಾರರ ಮನೆ ದಾಟುವಾಗ ಹಲಗೆಯ ಬಾರು ಜಾರಿತು. ಕಟ್ಟಿಕೊಳ್ಳಲೆಂದು ಒಂದು ಗಳಿಗೆ ನಿಂತೆ. ಒಳಗಿನ ಮಾತು ನಿಚ್ಚಳವಾಗಿ ಕೇಳಿತು.

“ಹಬ್ಬ ಆದರೂ ಅಷ್ಟ, ಆಗದಿದ್ರೂ ಅಷ್ಟರೀ ಕಲ್ಲಯ್ಯನೋರ. ಡೇರೆ ಬಿಚ್ಚಿದ ಮ್ಯಾಲೆ ಆ ದಿಬ್ಬಕ್ಕ ತಗಡು ಹೊದಿಸಿ ಭತ್ತದ ಗೋದಾಮು ಮಾಡ್ತೇನಿ. ನೀರು ನಿಲ್ಲೂದಿಲ್ಲ ನೋಡ್ರಿ.”

“ಮತ್ತ ಅವ್ರು?”

“ಅವ್ರದೇನು? ಹಳ್ಳ ಐತಲ್ಲ.”

ನಾನು ಹಿಂತಿರುಗಿ ಅಣ್ಣನ ಮುಖ ನೋಡಿದೆ. ಹೊರೆಯ ಕೆಳಗೆ ಅವನ ಕುತ್ತಿಗೆಯ ನರ ಉಬ್ಬಿತ್ತು.

“ಮಂಜಾ, ಬಡಿ” ಎಂದ. “ನಿಂತೀ ಯಾಕ?”

ಬಡಿದೆ. ಗಡಿಯತ್ತ ಹೋಗುವ ಬನವಾಸಿ ರಸ್ತೆಗೆ ತಿರುಗಬೇಕಾದಲ್ಲಿ ಅವನು ತಿರುಗಲಿಲ್ಲ. ಸಂತೆ ಬಯಲು ಹಾದು ದಿಬ್ಬ ಹತ್ತಿದ. ತಡೆಯುವಂತಿಲ್ಲ, ಎದುರು ಬರುವಂತಿಲ್ಲ. ಇಡೀ ಊರು ಕಿಟಕಿಯ ಸಂದಿಯಲ್ಲಿ ಕಣ್ಣಿಟ್ಟು ನೋಡಿತು. ಚೌಡ ಡೇರೆಯೊಳಗೆ ಹೋಗಿ ನಡುಗಂಬದ ಬುಡದಲ್ಲಿ ಹೊರೆ ಇಳಿಸಿ, ಹಣೆಯ ಬೆವರು ಒರೆಸಿಕೊಂಡ. ಸಿನಿಮಾ ಮೆಶಿನ್ ಕಾಯುತ್ತ ಅಲ್ಲೇ ಬಿದ್ದಿದ್ದ ಶಿರಸಿಯ ಮುಕ್ತಾರ್ ಎದ್ದು ಕೂತ.

“ಅರೇ ಭಾಯ್, ಟಿಕೆಟ್ ಎಲ್ಲೈತಿ?” ಎಂದ.

“ತಲಿ ಮ್ಯಾಲೆ ತಂದೇನಿ. ಸಾಲದೇನು?”

ಮುಕ್ತಾರ್ ಬುಟ್ಟಿ ನೋಡಿದ, ಚೌಡನನ್ನು ನೋಡಿದ. “ಸಾಕು, ಸಾಕು. ಇಷ್ಟು ದೊಡ್ಡ ಟಿಕೆಟ್ ನಾ ಹರದೇ ಇಲ್ಲ” ಎಂದು ಜರುಗಿ ಜಾಗ ಮಾಡಿಕೊಟ್ಟ.

ನಾನು ಹಳ್ಳಕ್ಕೆ ಓಡಿದೆ. ಹೊನ್ನಿಯನ್ನು ಕಂಬಳಿಯಲ್ಲಿ ಹಾಕಿ, ನಾಲ್ಕು ತುದಿಗೆ ನಾಲ್ವರು ಹಿಡಿದು ತಂದೆವು. ಹಿಂದೆ ಮುದುಕಿಯರು, ಕೂಸುಗಳು, ಗಡಿಗೆಗಳು, ಕೋಳಿಗಳು. ನಡುಗಂಬದ ಹತ್ತಿರ ಅವಳನ್ನು ಮಲಗಿಸುವಾಗ ದಿಬ್ಬದ ಕೆಳಗೆ ಊರವರು ನೆರೆದಿದ್ದರು. ಮುಂದೆ ಸಾವ್ಕಾರರು, ಧೋತರದ ಚುಂಗು ಮೂಗಿಗೆ ಹಿಡಿದುಕೊಂಡು.

“ಎತ್ತಲೇ ಅದನ್ನ, ಬೋಳಿಮಗನ! ಗಡಿ ದಾಟಿಸು!”

ಚೌಡ ಡೇರೆಯ ಬಾಗಿಲಿಗೆ ಬಂದ. “ಇಳಿಸಿದ ಹೊರೆ ಇಳಿಸಿದಾಂವ ಎತ್ತಬಾರದಂತರಿ. ಅಯ್ಯನೋರು ಅಲ್ಲೇ ಅದಾರ, ಕೇಳ್ರಿ.”

ಎಲ್ಲರೂ ಕಲ್ಲಯ್ಯನವರತ್ತ ನೋಡಿದರು. ಅವರು ಕೊರಳಿನ ರುದ್ರಾಕ್ಷಿ ತಿರುವಿದರು, ಮೋಡ ನೋಡಿದರು. “ಶಾಸ್ತ್ರ ಹಂಗ ಐತಿ, ಖರೆ” ಎಂದರು ಸಣ್ಣಗೆ.

“ಹಂಗಾರ ನೀವು ಎತ್ರಿ!” ಎಂದರು ಸಾವ್ಕಾರರು.

“ನಾನಾ?” ಕಲ್ಲಯ್ಯನವರು ಹೆಜ್ಜೆ ಹಿಂದಿಟ್ಟರು. “ನನ್ನ ಕೈಲೆ ಪೂಜಿ ಆಗಬೇಕೋ ಬ್ಯಾಡೋ?”

“ಆಕಿ ಇಲ್ಲೇ ಕುಂತಾಳ್ರಿ ಸಾವ್ಕಾರ್ರ” ಎಂದ ಚೌಡ. “ನಮಗ ಆಕೀದು ರೂಢಿ ಐತಿ. ಹುಟ್ಟಿದಾಗಿನಿಂದ ಹೊತ್ತೇವಿ. ನೀವು ಬರೂದಾದ್ರ ಬರ್ರಿ, ಗೋದಾಮು ಕಟ್ರಿ. ಭತ್ತ ಆಕಿ ಕಾಯ್ತಾಳ.”

ಗೋದಾಮು ಎಂದ ಕೂಡಲೇ ಊರವರು ಸಾವ್ಕಾರರ ಮುಖ ನೋಡಿದರು. ಅವರಿಗೂ ಅದು ಹೊಸ ಸುದ್ದಿ.

“ಪೊಲೀಸರನ್ನ ಕರಸ್ತೇನಿ!” ಸಾವ್ಕಾರರ ದನಿ ಚುಂಗಿನೊಳಗಿಂದ ಬಂತು. “ಡೇರೆದಾಗ ಜನ ಗುಂಪುಗೂಡಬಾರದು ಅಂತ ಸರ್ಕಾರದ ಹುಕುಂ ಐತಿ, ಗೊತ್ತೈತೇನ್ಲೇ?”

“ಅದು ಜನಕ್ಕ ಹೇಳಿದ ಹುಕುಂರೀ” ಎಂದ ಚೌಡ. “ನಮ್ಮನ್ನ ಯಾವಾಗ ಜನದಾಗ ಹಿಡಿದೀರಿ?”

ಮಿರಗದ ಮೊದಲ ಹನಿಗಳು ಡೇರೆಯ ಬಟ್ಟೆಯ ಮೇಲೆ ಟಪಟಪ ಬಿದ್ದವು. ಊರವರು ತಲೆಗೆ ಕೈ ಅಡ್ಡ ಹಿಡಿದು ಮನೆಗಳತ್ತ ಚದುರಿದರು. ಸಾವ್ಕಾರರೊಬ್ಬರು ಸ್ವಲ್ಪ ಹೊತ್ತು ನೆನೆಯುತ್ತ ನಿಂತಿದ್ದರು.

ಒಳಗೆ ಹೊನ್ನಿಗೆ ಚಳಿ ಹತ್ತಿತ್ತು. ಬೆವರಿನಿಂದ ಒದ್ದೆಯಾಗಿದ್ದ ಕಂಬಳಿಯಲ್ಲಿ ಅವಳ ಹಲ್ಲು ಕಟಕಟಿಸುವುದು ಎಲ್ಲರಿಗೂ ಕೇಳುತ್ತಿತ್ತು. ಮುಕ್ತಾರ್ ಎದ್ದು ಹೋಗಿ ಸಿನಿಮಾ ಪರದೆಯ ಹಗ್ಗ ಬಿಚ್ಚಿದ. ಅಷ್ಟಗಲದ ಬಿಳಿ ಬಟ್ಟೆ ಜಾರಿ ಕೆಳಗೆ ಬಂತು. ಚೌಡ ಅದನ್ನು ನಾಲ್ಕು ಮಡಿಕೆ ಮಾಡಿ ಅವಳ ಮೇಲೆ, ಕುತ್ತಿಗೆಯವರೆಗೆ, ಹೊದಿಸಿದ. ಪರದೆ ನಡುಗತೊಡಗಿತು. ನಾವೆಲ್ಲ ಸುತ್ತ ನೆಲದ ಮೇಲೆ ಕೂತು ಅದನ್ನೇ ನೋಡುತ್ತಿದ್ದೆವು.