ನಾಳೆ ಕೆಲಸ ಐತೇನ್ರಿ?

ಶಿಗ್ಗಾವಿಯ ಹೊರಗೆ, ಸವಣೂರಿನ ದಾರಿಗೆ, ಹತ್ತಿಯಿಂದ ಬೀಜ ಬಿಡಿಸುವ ಕರಬಸಪ್ಪ ಸಾವುಕಾರರ ಜಿನ್ನು ಕಾರಖಾನೆ ಇತ್ತು. ಅಲ್ಲಿ ಭರಮವ್ವ ಒಂಬತ್ತು ಸುಗ್ಗಿ ದುಡಿದಿದ್ದಳು. ಓಡುವ ಉರುಳಿಗೆ ಹತ್ತಿ ಉಣಿಸುವ ಕೆಲಸ. ಸಂಜೆ ಮನೆಗೆ ಬಂದರೆ ಕೆಮ್ಮಿನ ಜೊತೆಗೇ ಎಳೆ ಎಳೆ ಅರಳೆ ಬರುತ್ತಿತ್ತು. ಗಂಡ ಚೌಡಪ್ಪ ಬಾವಿ ತೋಡುವಾಗ ಬಿದ್ದು ಸೊಂಟ ಕಳಕೊಂಡವನು, ಕುಂತಲ್ಲೇ ಹಗ್ಗ ಹೊಸೆಯುತ್ತಿದ್ದ. ಅವಳ ದುಡಿಮೆಯೇ ಮನೆಗೆ ಆಧಾರ.

ಸಾವಿರದ ಒಂಬೈನೂರ ಮೂವತ್ತೆಂಟರ ಸುಗ್ಗಿಯಲ್ಲಿ ಮುಂಬಯಿಯ ಗಿರಣಿಗಳು ಹತ್ತಿ ಕೊಳ್ಳುವುದನ್ನು ಕಡಿಮೆ ಮಾಡಿದವು. ಸಾವುಕಾರರ ಗೋದಾಮಿನಲ್ಲಿ ಹತ್ತಿ ತುಂಬಿದ ಅಂಡಿಗೆಗಳು ಸೂರು ಮುಟ್ಟಿದವು. ವಾರಕ್ಕೆ ಆರು ದಿನ ಓಡುತ್ತಿದ್ದ ಎಂಜಿನ್ನು ಮೂರು ದಿನಕ್ಕೆ ಬಂತು. ಆ ಮೂರು ದಿನ ಯಾವುವು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹೆಣ್ಣುಮಕ್ಕಳು ಎರಡು ಮೂರು ಹರದಾರಿಯಿಂದ ನಸುಕಿನಲ್ಲೇ ನಡೆದು ಬಂದು ಗೇಟಿನ ಮುಂದೆ ಕೂರುವರು. ಬಿಸಿಲೇರುವ ತನಕ ಎಂಜಿನ್ನಿನ ಕೊಳವೆಯಿಂದ ಹೊಗೆ ಏಳದಿದ್ದರೆ ಬುತ್ತಿ ಬಿಚ್ಚದೆ ತಿರುಗಿ ಹೋಗುವರು. ಅಷ್ಟು ಹೊತ್ತಿಗೆ ಹೊಲದ ಕೂಲಿಗೂ ಯಾರೂ ಕರೆಯುತ್ತಿರಲಿಲ್ಲ.

ಅವರಲ್ಲಿ ಓದು ಬರುತ್ತಿದ್ದವಳು ಅಖ್ತರುನ್ನೀಸಾ ಒಬ್ಬಳೇ. ಸವಣೂರಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ ಮಗಳೊಂದಿಗೆ ಶಿಗ್ಗಾವಿಗೆ ಬಂದವಳು. ತಾಯಿ ಮಗಳು ಇಬ್ಬರಿಗೂ ಜಿನ್ನಿನಲ್ಲೇ ಕೆಲಸ. ಒಂದು ದಿನ ಕಾದು ಕಾದು ಬೇಸತ್ತು, ಗೇಟಿನ ಒಳಗೋಡೆಗೆ ಅಂಟಿಸಿದ್ದ ಸರಕಾರದ ಕಾಗದವನ್ನು ಓದಿದಳು.

"ಭರಮವ್ವಾ, ಇಲ್ಲಿ ನೋಡ. ಕೆಲಸದ ತಾಸು ಯಾವು, ಸೂಟಿ ಯಾವತ್ತು ಅನ್ನೂದನ್ನ ಮಾಲಕರು ಮುಂಚೇನ ಬರದು ತೂಗ ಹಾಕಬೇಕಂತ ಕಾಯ್ದೆ ಐತಿ."

"ಹಂಗಂದ್ರ ನಾಳೆ ಕೆಲಸ ಐತೋ ಇಲ್ಲೋ ಇವತ್ತ ಹೇಳಬೇಕಲ್ಲ?"

"ಹೇಳಬೇಕು."

ಭರಮವ್ವ ಎದ್ದು ನೇರ ಗುಮಾಸ್ತ ಬಸವಣ್ಣೆಪ್ಪನ ಕಟ್ಟೆಗೆ ಹೋದಳು. ಅವನೇನು ಕೆಟ್ಟವನಲ್ಲ. ಆದರೂ ನಕ್ಕ. "ಎಂಜಿನ್ನಿಗೇ ಗೊತ್ತಿಲ್ಲವ್ವ ಅದು ನಾಳೆ ಓಡತೈತೋ ಇಲ್ಲೋ. ನಿನಗ ಹ್ಯಾಂಗ ಹೇಳಲಿ?"

ಆ ನಗುವನ್ನು ಅವಳಿಗೆ ಸಹಿಸಲಾಗಲಿಲ್ಲ. ಮರುದಿನವೇ ಅಖ್ತರುನ್ನೀಸಾ ಧಾರವಾಡದ ಕಾರಖಾನೆ ಇನ್ಸ್ಪೆಕ್ಟರ ಸಾಹೇಬರಿಗೆ ಅರ್ಜಿ ಬರೆದಳು. ಮೂವತ್ತು ಜನರಲ್ಲಿ ಹದಿನೇಳು ಮಂದಿ ಹೆಬ್ಬೆಟ್ಟು ಒತ್ತಿದರು. ಮೊದಲ ಹೆಬ್ಬೆಟ್ಟು ಭರಮವ್ವನದು.

ಸಾಹೇಬರು ಬರಲು ಒಂದು ತಿಂಗಳು ಹಿಡಿಯಿತು. ಅವರು ಬರುವ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಆ ದಿನ ಒಳಗಿನ ಎಲ್ಲ ಜಿನ್ನು ಯಂತ್ರಗಳೂ ಓಡಿದವು. ಅಂಗಳಕ್ಕೆ ನೀರು ಹೊಡೆದಿದ್ದರು. ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಪಕ್ಕದಲ್ಲೇ ಕರಬಸಪ್ಪ ಸಾವುಕಾರರು ರುಮಾಲು ಸರಿಮಾಡಿಕೊಳ್ಳುತ್ತಾ ನಿಂತಿದ್ದರು.

"ನಿಮ್ಮದೇನರ ತಕರಾರು ಐತೇನು?" ಸಾಹೇಬರು ಕೇಳಿದರು.

ಭರಮವ್ವ ಅಖ್ತರುನ್ನೀಸಾಳ ಕಡೆ ನೋಡಿದಳು. ಅವಳು ಮಗಳ ಕೈ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಮನೆಯ ಎರಡೂ ಕೂಲಿ ಇದೇ ಗೇಟಿನೊಳಗೆ ಇದ್ದವಳು ಬೇರೇನು ಮಾಡಿಯಾಳು? ಅದು ಭರಮವ್ವನಿಗೆ ತಿಳಿಯಿತು. ತಿಳಿದರೂ ಮತ್ತೆ ಅವಳ ಕಡೆ ನೋಡದೆ ಸಾಲಿನಿಂದ ಮುಂದೆ ಬಂದಳು.

"ಐತ್ರಿ," ಅಂದಳು ಅವಳು. "ಕೆಲಸ ಕಡಿಮಿ ಆಗೇತಿ, ಅದು ನಮಗೂ ತಿಳೀತೈತ್ರಿ. ಆದ್ರ ಯಾವತ್ತ ಐತಿ, ಯಾವತ್ತ ಇಲ್ಲ, ಅಷ್ಟ ಮೊದಲ ಹೇಳಲಿ. ನಾಯಿ ಕಾದಂಗ ಕಾಯಾಕತ್ತೇವ್ರಿ ಬಾಗಲಾಗ."

ಸಾಹೇಬರು ಬರೆದುಕೊಂಡರು. ಸಾವುಕಾರರನ್ನು ಕರೆದು, ವಾರದ ದಿನಗಳನ್ನು ಮುಂಚೆಯೇ ಬರೆಯಿಸಬೇಕೆಂದು ಗಟ್ಟಿಯಾಗಿಯೇ ಹೇಳಿದರು. ಆಮೇಲೆ ಅವಳ ಕಡೆ ತಿರುಗಿ, "ಇದು ನಿನ್ನ ಹಕ್ಕು. ಆದರ ಕೆಲಸ ಇಲ್ಲದಾಗ ಕೆಲಸ ಕೊಡು ಅಂತ ಹೇಳೂ ಕಾಯ್ದೆ ನನ್ನ ಕೈಯಾಗಿಲ್ಲವ್ವ" ಅಂದರು. ದನಿಯಲ್ಲಿ ಸೊಕ್ಕಿರಲಿಲ್ಲ.

ಮುಂದಿನ ಸೋಮವಾರದಿಂದ ಗೇಟಿಗೆ ಕರಿಯ ಹಲಗೆ ಬಂತು. ಅದರ ಮೇಲೆ ಬಸವಣ್ಣೆಪ್ಪ ಸುಣ್ಣದ ಬಳಪದಿಂದ ದಿನಗಳನ್ನು ಬರೆಯುತ್ತಿದ್ದ. ಹೆಣ್ಣುಮಕ್ಕಳಿಗೆ ಎಷ್ಟೋ ನಿರಾಳವಾಯಿತು. ಖಾಲಿ ದಿನ ಬೇರೆ ಕೂಲಿ ಹುಡುಕಿಕೊಂಡರು. ಭರಮವ್ವನ ಕೈ ಹಿಡಿದು, "ನಿನ್ನಿಂದ ಆತವ್ವ" ಅಂದರು.

ನಾಲ್ಕನೆಯ ವಾರ ಹಲಗೆಯ ಮೇಲೆ ದಿನಗಳ ಕೆಳಗೆ ಹೆಸರುಗಳಿದ್ದವು.

"ಏನ ಬರದಾರ? ಓದು," ಅಂದಳು ಭರಮವ್ವ.

ಅಖ್ತರುನ್ನೀಸಾ ಮೆಲ್ಲಗೆ ಓದಿದಳು. ಬರುವ ಶನಿವಾರದಿಂದ ಹನ್ನೊಂದು ಮಂದಿಗೆ ಕೆಲಸವಿಲ್ಲ. ಒಂದೊಂದೇ ಹೆಸರು ಹೇಳುತ್ತಾ ಬಂದವಳು ಆರನೆಯದಕ್ಕೆ ನಿಂತಳು.

"ನಂದು ಹೌದಲ್ಲ?"

"ಹೌದು."

"ನಿಂದು?"

ಅವಳು ತಲೆ ಅಲ್ಲಾಡಿಸಿದಳು. ಅವಳದೂ ಇರಲಿಲ್ಲ, ಮಗಳದೂ ಇರಲಿಲ್ಲ.

ಭರಮವ್ವ ಬಸವಣ್ಣೆಪ್ಪನ ಬಳಿಗೆ ಹೋದಳು. "ಅಣ್ಣಾರ, ಒಂಬತ್ತು ಸುಗ್ಗಿ ಆತು. ನಿನ್ನೆ ಮೊನ್ನೆ ಬಂದವರನ್ನ ಇಟಗೊಂಡು ನನ್ನ ಯಾಕ ತಗದ್ರಿ? ಸಾಹೇಬರ ಮುಂದ ಮಾತಾಡಿದ್ದಕ್ಕೇನ್ರಿ?"

ಅವನು ತಲೆ ಎತ್ತಲಿಲ್ಲ. "ಮುಂಚೇನ ಹೇಳಬೇಕು ಅಂದಿದ್ದಿ. ಐದು ದಿನ ಮುಂಚೇನ ಹೇಳೇವಿ. ಕಾಯ್ದೆ ಪ್ರಕಾರ ಆಗೇತಿ. ನನ್ನ ಮತ್ತೇನೂ ಕೇಳಬ್ಯಾಡ."

ಅಖ್ತರುನ್ನೀಸಾ ಹಿಂದೆಯೇ ಬಂದಿದ್ದಳು. "ನನಗ ಮೂರು ದಿನ ಐತಲ್ರಿ. ಅದರಾಗ ಒಂದು ದಿನ ಇಕಿಗೆ ಕೊಡ್ರಿ. ನನ್ನ ಜಿನ್ನಿನ ಮುಂದನ ಕುಂದರಲಿ."

"ಹಾಜರಿಯಾಗ ಹೆಸರಿಲ್ಲದಾಕಿ ಉರುಳ್ಯಾಗ ಕೈಬಳ್ಳ ಕೊಯ್ಕೊಂಡ್ರ ಜವಾಬ್ದಾರಿ ಯಾರದು? ಆಗೂದಿಲ್ಲ."

ಗೇಟಿನ ಹೊರಗೆ ಬಂದ ಮೇಲೆ ಅಖ್ತರುನ್ನೀಸಾ ಅತ್ತಳು. "ಅವತ್ತ ನಾನೂ ಮಾತಾಡಬೇಕಿತ್ತು."

"ಮಾತಾಡಿದ್ರ ಹಲಗಿ ಮ್ಯಾಲ ನಿಂದೂ ನಿನ್ನ ಮಗಳದೂ ಹೆಸರು ಇರತಿದ್ದವು," ಅಂದಳು ಭರಮವ್ವ. ಸಮಾಧಾನ ಮಾಡಲು ಅಂದಿದ್ದೇ, ಆದರೆ ಮಾತು ಒರಟಾಗಿ ಬಂತು. ಅದನ್ನು ತಿದ್ದಲು ಅವಳಿಗೆ ಮನಸ್ಸಾಗಲಿಲ್ಲ. ಅವರಿಬ್ಬರೂ ಮತ್ತೆ ಕೂಡಿ ಬುತ್ತಿ ಉಣ್ಣಲಿಲ್ಲ.

ಶನಿವಾರದ ಮೇಲೆ ಭರಮವ್ವ ಸುತ್ತಲಿನ ಹತ್ತಿ ವಖಾರಿಗಳಲ್ಲಿ ಕೆಲಸ ಕೇಳಿದಳು. ಯಲವಿಗಿ ಸ್ಟೇಶನ್ನಿನಲ್ಲಿ ಅಂಡಿಗೆ ಹೊರುವ ಕೆಲಸಕ್ಕೂ ಹೋಗಿ ನಿಂತಳು. "ಸರಕಾರಕ್ಕ ಅರ್ಜಿ ಬರಸಿದಾಕಿ ನೀನಽ ಏನು?" ಎಂದು ಎಲ್ಲರೂ ಮೊದಲು ಅದನ್ನೇ ಕೇಳುತ್ತಿದ್ದರು. ಉತ್ತರ ಕೇಳಿದ ಮೇಲೆ, ಆಳು ಸಾಕು ಅನ್ನುತ್ತಿದ್ದರು.

ಕೊನೆಗೆ ಹಿರೇಕೆರೂರು ಕಡೆಯ ಮಾಸೂರಿನಿಂದ ಅವಳ ಅಕ್ಕ ಅಡಿವೆವ್ವ ಹೇಳಿ ಕಳುಹಿಸಿದಳು. ಕೆರೆಯ ಕೆಳಗೆ ಗದ್ದೆ ಕೆಲಸ ಇದೆ, ಬರ್ರಿ ಎಂದು. ಒಂದು ಬೆಳಗ್ಗೆ ಚೌಡಪ್ಪನನ್ನು ಎತ್ತಿ ಬಂಡಿಯಲ್ಲಿ ಕೂರಿಸಿ, ಹಗ್ಗದ ನಾರಿನ ಗಂಟನ್ನು ಅವನ ಬೆನ್ನಿಗೆ ಆನಿಸಿ ಹೊರಟಳು.

ಮಾಸೂರಿನಲ್ಲಿ ಗದ್ದೆಯ ಒಡತಿ ಹಾಲವ್ವ ಕಟ್ಟೆಯ ಮೇಲೆ ಕೂತು ಹೊಸ ಆಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ಶಿಗ್ಗಾವ್ಯಾಗ ಜಿನ್ನಿನ ಕೆಲಸ ಇತ್ತಂತಲ್ಲ. ಯಾಕ ಬಿಟ್ಟಿ? ಜಗಳ ಗಿಗಳ ಏನರ?"

ಅಡಿವೆವ್ವ ಹಿಂದಿನಿಂದ ತಂಗಿಯ ಸೆರಗು ಜಗ್ಗಿದಳು.

"ಏನಿಲ್ರಿ ಅವ್ವಾರ," ಅಂದಳು ಭರಮವ್ವ. "ನಾನು ಯಾರ ಮುಂದೂ ಮಾತಾಡಿದಾಕಿ ಅಲ್ಲ."

ಹಾಲವ್ವ ಕೆಸರಿನ ಕಡೆ ಕೈ ತೋರಿಸಿದಳು. ಭರಮವ್ವ ಸೀರೆ ಕಚ್ಚೆ ಕಟ್ಟಿ ಇಳಿದಳು.